ಭುಜದ ಕೀಲು: ಗುಂಡು ಒರಳಾದ ಕಥೆ, ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನ ರಗಳೆ

2024ರ ಜನವರಿಯಲ್ಲಿ, ಔಷಧಿ ಮತ್ತೆ ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸ್ತು. ಫ್ಲೋರಿಡಾದ ಎಕ್ಸಾಕ್‌ಟೆಕ್ ಅನ್ನೋ ಕಂಪನಿ ಮಾಡೋ ಇಕ್ವಿನಾಕ್ಸ್ ಅನ್ನೋ ಭುಜದ ಇಂಪ್ಲಾಂಟ್, ಅಂದ್ರೆ ಮೈಯೊಳಗೆ ಕೂರಿಸೋ ಕೃತಕ ಕೀಲು, ಬೇಗ ಸವೆದು ಹೋಗಬಹುದು ಅಂತ. ಓದಿದವರಿಗೆ ತಲೆ ಕೆಟ್ಟಿದ್ದು ಕಾರಣ ನೋಡಿ, ಯಾಕಂದ್ರೆ ತಕರಾರು ಇದ್ದಿದ್ದು ಇಂಪ್ಲಾಂಟಿನ ಡಿಸೈನ್ ಮೇಲಲ್ಲ, ಅದನ್ನ ಹಾಕಿಟ್ಟಿದ್ದ ಪ್ಯಾಕೆಟ್ ಮೇಲೆ. ಮುಂದಿನ ತಿಂಗಳೇ ಇನ್ನೊಂದು ಸುದ್ದಿ, ಜಿಮ್ಮರ್ ಬಯೋಮೆಟ್ ಕಂಪನಿಯ ರೋಸಾ ರೋಬೋಟಿಗೆ ಭುಜದ ಕೀಲು ಬದಲಾಯಿಸೋಕೆ ಅದೇ ಎಫ್‌ಡಿಎ ಒಪ್ಪಿಗೆ ಕೊಡ್ತು. ಅಕ್ಟೋಬರ್ ಹೊತ್ತಿಗೆ ಕೇಸುಗಳ ಮೇಲೆ ಕೇಸು ಬಿದ್ದು ಎಕ್ಸಾಕ್‌ಟೆಕ್ ದಿವಾಳಿ ಅರ್ಜಿ ಹಾಕ್ತು.

ಒಂದು ಕಡೆ ರೋಬೋಟು, ಇನ್ನೊಂದು ಕಡೆ ಕವರ್ ಸರಿ ಇಲ್ಲ ಅಂತ ಗಲಾಟೆ. ಇದರ ಮಧ್ಯೆ "ರಿವರ್ಸ್ ಶೋಲ್ಡರ್" ಅಂತ ಒಂದು ಪದ ಬೇರೆ. ಮಂಡಿ ಬದಲಾಯಿಸೋದು ನಮಗೆ ಗೊತ್ತು, ಬೀದಿಗೊಬ್ಬರು ಮಾಡಿಸಿಕೊಂಡವರು ಸಿಗ್ತಾರೆ, ಆದ್ರೆ ಭುಜಾನೂ ಬದಲಾಯಿಸ್ತಾರೆ ಅನ್ನೋದೇ ತುಂಬಾ ಜನಕ್ಕೆ ಹೊಸದು. ಹಾಗಾಗಿ ಇದನ್ನ ಬುಡದಿಂದ ನೋಡೋದು ವಾಸಿ. ನೋಡ್ತಾ ಹೋದ್ರೆ ಒಂದು ವಿಷಯ ಕಾಣುತ್ತೆ: ಭುಜದ ಇಂಪ್ಲಾಂಟಿನ ಪ್ರತಿ ಹೊಸ ಮಾಡೆಲ್ಲೂ ಹಿಂದಿನದು ಎಲ್ಲಿ ಕೈಕೊಟ್ಟಿತೋ ಅಲ್ಲಿಂದಲೇ ಹುಟ್ಟಿದೆ, ಹುಟ್ಟಿದ ಮೇಲೆ ತನ್ನದೇ ಒಂದು ಹೊಸ ತೊಂದರೆ ತಂದಿದೆ.

ಸೊಂಟ ಒರಳು, ಭುಜ ಸಾಸರ್

ಸೊಂಟದ ಕೀಲನ್ನ ರುಬ್ಬೋ ಕಲ್ಲು ಅಂದ್ಕೊಳ್ಳಿ. ಆಳವಾದ ಒರಳು, ಒಳಗೆ ಗುಂಡು. ಗುಂಡು ಎಷ್ಟು ತಿರುಗಿದ್ರೂ ಒರಳು ಬಿಟ್ಟು ಆಚೆ ಬರಲ್ಲ. ಭುಜ ಹಾಗಲ್ಲ. ತೋಳಿನ ಮೂಳೆ ತುದೀಲಿ ದೊಡ್ಡ ಗುಂಡು ಇದೆ, ಆದ್ರೆ ಅದು ಕೂರೋ ಜಾಗ, ಅಂದ್ರೆ ಬೆನ್ನಿನ ರೆಕ್ಕೆ ಮೂಳೆಯ ಅಂಚಲ್ಲಿರೋ ಗ್ಲೀನಾಯ್ಡು, ಒಂದು ಚಿಕ್ಕ ಸಾಸರ್ ಥರ, ಆಳವೇ ಇಲ್ಲ. ಸಾಸರ್ ಅನ್ನ ಗೋಡೆಗೆ ನೆಟ್ಟಗೆ ಅಂಟಿಸಿ ಅದರ ಮೇಲೆ ನಿಂಬೆಹಣ್ಣು ನಿಲ್ಲಿಸು ಅಂದ ಹಾಗೆ. ನಾವು ಕೈ ಮೇಲೆತ್ತಿ ಅಟ್ಟದಿಂದ ಡಬ್ಬ ತೆಗೀತೀವಿ, ಬೆನ್ನು ತುರಿಸ್ಕೊತೀವಿ, ಬಾಲ್ ಎಸೀತೀವಿ, ಇದೆಲ್ಲ ಆಗೋದು ಸಾಸರ್ ಆಳ ಇಲ್ಲದಿರೋದಕ್ಕೇ.

ಹಾಗಾದ್ರೆ ಗುಂಡು ಯಾಕೆ ಜಾರಲ್ಲ? ಅದನ್ನ ಸುತ್ತಲಿಂದ ನಾಲ್ಕು ಚಿಕ್ಕ ಸ್ನಾಯುಗಳು ಹಿಡ್ಕೊಂಡಿವೆ, ಅವನ್ನ ಒಟ್ಟಾಗಿ ರೊಟೇಟರ್ ಕಫ್ ಅಂತಾರೆ. ಕೈ ಎತ್ತೋ ದೊಡ್ಡ ಕೆಲಸ ಭುಜದ ಮೇಲೆ ಉಬ್ಬಿ ಕಾಣೋ ಡೆಲ್ಟಾಯ್ಡ್ ಸ್ನಾಯುವಿಂದು, ಆದ್ರೆ ಡೆಲ್ಟಾಯ್ಡ್ ಎಳೆಯೋದು ಸೀದಾ ಮೇಲಕ್ಕೆ. ಅದು ಎಳೆಯುವಾಗ ಗುಂಡು ಸಾಸರ್ ಮೇಲೇ ಕೂತಿರಲಿ ಅಂತ ಒತ್ತಿ ಹಿಡಿಯೋದು ಈ ಕಫ್. ಕಫ್ ಹರಿದು ಹೋಯ್ತು ಅಂದ್ರೆ ಗುಂಡು ಮೇಲಕ್ಕೆ ಜಾರಿ ಮೇಲಿನ ಮೂಳೆಗೆ ತಾಗುತ್ತೆ, ಉಜ್ಜಿ ಉಜ್ಜಿ ಎರಡೂ ಸವೆಯುತ್ತೆ, ಕೊನೆಗೆ ತಲೆ ಬಾಚೋಕೂ ಕೈ ಏಳಲ್ಲ. ಈ ಕಫ್ ವಿಷಯ ನೆನಪಲ್ಲಿರಲಿ, ಮುಂದಿನದೆಲ್ಲ ಇದರ ಸುತ್ತಲೇ ಸುತ್ತುತ್ತೆ.

ದಂತವೈದ್ಯ ಮಾಡಿಕೊಟ್ಟ ಮೊದಲ ಭುಜ

1893, ಪ್ಯಾರಿಸ್. 37 ವರ್ಷದ ಒಬ್ಬ ಬೇಕರಿ ಕೆಲಸದವನ ಭುಜಕ್ಕೆ ಕ್ಷಯ ಹತ್ತಿತ್ತು. ಆಗಿನ ಕಾಲದಲ್ಲಿ ಇದಕ್ಕೆ ಇದ್ದ ದಾರಿ ಕೈ ಕತ್ತರಿಸೋದು, ಅವನು ಒಪ್ಪಲಿಲ್ಲ. ಝೂಲ್ ಎಮಿಲ್ ಪೆಯಾನ್ ಅನ್ನೋ ಸರ್ಜನ್, ಪೋರ್ಟರ್ ಮೈಕಲ್ಸ್ ಅನ್ನೋ ದಂತವೈದ್ಯರ ಕೈಲಿ ಒಂದು ಕೃತಕ ಕೀಲು ಮಾಡಿಸಿದ್ರು. ತೋಳಿನ ಭಾಗಕ್ಕೆ ಪ್ಲಾಟಿನಂ ಕೊಳವೆ, ಮೇಲೆ ರಬ್ಬರ್ ಗುಂಡು, ಆ ರಬ್ಬರನ್ನ 24 ಗಂಟೆ ಪ್ಯಾರಾಫಿನ್‌ನಲ್ಲಿ ಕುದಿಸಿ ಗಟ್ಟಿ ಮಾಡಿದ್ದು. ಆಂಟಿಬಯಾಟಿಕ್ ಇಲ್ಲದ ಕಾಲ. ಆದ್ರೂ ಸುಮಾರು ಎರಡು ವರ್ಷ ಅದು ಒಳಗಿತ್ತು, ಆಮೇಲೆ ಸೋಂಕು ಕಾಡಿ ಕಾಡಿ ತೆಗೀಬೇಕಾಯ್ತು. ಸೋತಿದ್ದು ಕ್ಷಯದ ಸೋಂಕಿಗೆ, ಕೀಲಿನ ಐಡಿಯಾಗೆ ಅಲ್ಲ. ಆ ಪ್ಲಾಟಿನಂ ಭುಜ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ನೀರ್ ಅವರ ಗುಂಡು, ಆಮೇಲೆ ಸಾಸರ್

ಆಮೇಲೆ ಅರ್ಧ ಶತಮಾನ ಹೆಚ್ಚೇನೂ ಆಗಲಿಲ್ಲ. 1950ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿದ್ದ ಚಾರ್ಲ್ಸ್ ನೀರ್ ಅನ್ನೋ ಸರ್ಜನ್ ಮುಂದೆ ಇದ್ದ ಸಮಸ್ಯೆ ಸವೆತ ಅಲ್ಲ, ಮುರಿತ. ಬಿದ್ದು ತೋಳಿನ ಗುಂಡು ಚೂರುಚೂರಾದವರಿಗೆ ಆ ಚೂರುಗಳನ್ನ ತೆಗೆದು ಹಾಕ್ತಿದ್ರು, ಆಮೇಲೆ ಕೈ ಜೋತಾಡ್ತಿತ್ತು. ನೀರ್ ಅವರು ವೈಟಾಲಿಯಂ ಅನ್ನೋ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದಲ್ಲಿ ಒಂದು ಗುಂಡು ಮಾಡಿ, ಅದಕ್ಕೊಂದು ಕಾಂಡ ಕೊಟ್ಟು, ತೋಳಿನ ಮೂಳೆಯ ಪೊಳ್ಳಿಗೆ ಇಳಿಸಿದ್ರು. 1953ರಲ್ಲಿ ಅದರ ಬಗ್ಗೆ ಬರೆದ್ರು. ತಮಾಷೆ ಅಂದ್ರೆ ವೈಟಾಲಿಯಂ ಕೂಡ ಮೊದಲು ಬಂದಿದ್ದು ಹಲ್ಲಿನ ಕೆಲಸಕ್ಕೇ. ಭುಜಕ್ಕೂ ಹಲ್ಲಿಗೂ ಏನೋ ಋಣಾನುಬಂಧ.

ಇದು ಅರ್ಧ ಕೀಲು, ಗುಂಡು ಮಾತ್ರ ಲೋಹದ್ದು, ಸಾಸರ್ ರೋಗಿಯದ್ದೇ. ಮುರಿತಕ್ಕೆ ಸರಿ. ಆದ್ರೆ ಸಂಧಿವಾತದಲ್ಲಿ ಸಾಸರ್ರೂ ಸವೆದಿರುತ್ತಲ್ಲ, ಲೋಹದ ಗುಂಡು ಬರೀ ಮೂಳೆ ಮೇಲೆ ಉಜ್ಜಿದ್ರೆ ನೋವು ಹೋಗಲ್ಲ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಹಾಕಿ ಕೈ ಸುಟ್ಟುಕೊಂಡು, 1962ರಲ್ಲಿ ಪಾಲಿಇಥಿಲೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹಿಡಿದಿದ್ರು. ನೀರ್ ಅದನ್ನೇ ತಂದು 1970ರ ದಶಕದ ಶುರುವಿನಲ್ಲಿ ಸಾಸರ್ ಜಾಗಕ್ಕೆ, ಮೂಳೆಗೆ ಅಂತಲೇ ಇರೋ ಸಿಮೆಂಟ್ ಹಾಕಿ ಅಂಟಿಸಿದ್ರು. ಲೋಹದ ಗುಂಡು, ಪ್ಲಾಸ್ಟಿಕ್ ಸಾಸರ್. ಇದೇ ಇವತ್ತಿಗೂ "ಅನಾಟಮಿಕ್" ಅಂತ ಕರೆಯೋ ಭುಜದ ಮೂಲ ರೂಪ, ದೇವರು ಮಾಡಿದ ಹಾಗೇ ಗುಂಡಿನ ಜಾಗದಲ್ಲಿ ಗುಂಡು, ಸಾಸರ್ ಜಾಗದಲ್ಲಿ ಸಾಸರ್.

1990ರ ಸುಮಾರಿಗೆ ಫ್ರಾನ್ಸಿನಲ್ಲಿ ವಾಲ್ಶ್ ಮತ್ತೆ ಬೊಯ್ಲೊ ಅನ್ನೋ ಇಬ್ಬರು ಸರ್ಜನ್ನರು ಕೂತು ಮೂಳೆಗಳನ್ನ ಅಳೆದು ನೋಡಿದ್ರು. ಗುಂಡಿನ ಓರೆ ಒಬ್ಬೊಬ್ಬರಿಗೆ ಒಂದೊಂದು ಡಿಗ್ರಿ, ಗುಂಡಿನ ನಡುಭಾಗ ಮೂಳೆಯ ನಡುಗೆರೆಗೆ ಸರಿಯಾಗಿ ಕೂರಲ್ಲ, ಸ್ವಲ್ಪ ಪಕ್ಕಕ್ಕಿರುತ್ತೆ. ಅಲ್ಲಿಂದ ಗುಂಡು ಬೇರೆ ಕಾಂಡ ಬೇರೆ ಮಾಡಿ, ರೋಗಿಯ ಮೂಳೆಗೆ ತಕ್ಕ ಹಾಗೆ ಜೋಡಿಸೋ ಇಂಪ್ಲಾಂಟ್‌ಗಳು ಬಂದವು.

ಕುಂಟೋ ಸಾಸರ್

ಗುಂಡಿನ ಕಡೆ ಇಷ್ಟೆಲ್ಲ ತಲೆ ಓಡಿಸಿದ್ರೂ ಪೆಟ್ಟು ಬಿದ್ದಿದ್ದು ಸಾಸರ್ ಕಡೆಯಿಂದ. ಅಲ್ಲಿ ಮೂಳೆನೇ ಕಮ್ಮಿ, ಒಂದಿಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಕೂರಿಸಿ ಸಿಮೆಂಟ್ ಹಾಕಬೇಕು, ದಿನಕ್ಕೆ ಸಾವಿರ ಸಲ ಗುಂಡು ಅದರ ಮೇಲೆ ಓಡಾಡುತ್ತೆ. ಕಫ್ ಗಟ್ಟಿಯಿದ್ರೆ ಗುಂಡು ನಡುವಲ್ಲೇ ಇರುತ್ತೆ, ಹೆಂಗೋ ನಡೆಯುತ್ತೆ. ಕಫ್ ಹರಿದಿದ್ರೆ ಗುಂಡು ಮೇಲಕ್ಕೆ ಜಾರಿ ಸಾಸರಿನ ಮೇಲಂಚನ್ನ ಒತ್ತುತ್ತೆ, ಆಗ ಕೆಳಗಿನ ಅಂಚು ಎದ್ದೇಳುತ್ತೆ. ಕೈ ಇಳಿಸಿದಾಗ ಮತ್ತೆ ಕೂರುತ್ತೆ. ಒಂದು ಕಾಲು ಗಿಡ್ಡ ಇರೋ ಸ್ಟೂಲ್ ಮೇಲೆ ಕೂತು ಆಚೆ ಈಚೆ ಆಡಿದ ಹಾಗೆ. ಕೆಲವು ವರ್ಷ ಹೀಗೆ ಆಡಿ ಆಡಿ ಸಿಮೆಂಟ್ ಸಡಿಲ ಆಗಿ ಸಾಸರ್ ಕಿತ್ತು ಬರುತ್ತೆ. 1988ರಲ್ಲಿ ಅಮೆರಿಕದ ಮ್ಯಾಟ್ಸನ್ ತಂಡ ಇದನ್ನ ವಿವರಿಸಿದ್ದು ಮಕ್ಕಳ ಆಟದ ಮರದ ಕುದುರೆ ತೂಗೋ ಚಿತ್ರ ಕೊಟ್ಟು.

ಸಿಮೆಂಟ್ ಬೇಡ, ಪ್ಲಾಸ್ಟಿಕ್ ಹಿಂದೆ ಲೋಹದ ತಟ್ಟೆ ಕೊಟ್ಟು ಮೂಳೆಗೆ ಸ್ಕ್ರೂ ಹಾಕೋಣ ಅಂತ ಹೊರಟ್ರು. ಕಾಗದದ ಮೇಲೆ ಚೆನ್ನಾಗಿತ್ತು. ಆದ್ರೆ ಲೋಹಕ್ಕೆ ಜಾಗ ಕೊಡೋಕೆ ಪ್ಲಾಸ್ಟಿಕ್ ತೆಳ್ಳಗೆ ಮಾಡಬೇಕು, ತೆಳ್ಳಗಿದ್ದದ್ದು ಬೇಗ ಸವೆಯುತ್ತೆ, ಸವೆದ ಮೇಲೆ ಲೋಹಕ್ಕೆ ಲೋಹ ತಾಗುತ್ತೆ. ಹೀಗಾಗಿ ಆ ದಾರಿ ಸಿಮೆಂಟಿಗಿಂತ ಜಾಸ್ತಿ ಫೇಲ್ ಆಯ್ತು.

ಒಟ್ಟಿನಲ್ಲಿ ಕಫ್ ಹರಿದವರಿಗೆ ಅನಾಟಮಿಕ್ ಭುಜ ಹಾಕೋದು ವ್ಯರ್ಥ, ಹಾಕದೆ ಬಿಟ್ರೆ ಅವರ ನರಳಾಟ ತಪ್ಪಲ್ಲ.

ದಿಜೋನ್‌ನ ವೆಟ್ ಗ್ರೈಂಡರ್

ಹಳೇ ಒರಳಲ್ಲಿ ಒರಳು ಅಲ್ಲಾಡಲ್ಲ, ಗುಂಡು ತಿರುಗುತ್ತೆ. ಈಗಿನ ವೆಟ್ ಗ್ರೈಂಡರ್‌ನಲ್ಲಿ ಗುಂಡು ಇದ್ದಲ್ಲೇ ಇರುತ್ತೆ, ಪಾತ್ರೆ ತಿರುಗುತ್ತೆ. ಹಿಟ್ಟು ಎರಡರಲ್ಲೂ ಆಗುತ್ತೆ. ರಿವರ್ಸ್ ಶೋಲ್ಡರ್ ಅಂದ್ರೆ ಹೆಚ್ಚುಕಮ್ಮಿ ಇದೇ: ಗುಂಡನ್ನ ತೋಳಿಂದ ತೆಗೆದು ರೆಕ್ಕೆ ಮೂಳೆಗೆ ಬಿಗಿಯೋದು, ಬಟ್ಟಲನ್ನ ತೋಳಿನ ತುದಿಗೆ ಹಾಕೋದು.

ಈ ಉಲ್ಟಾ ಐಡಿಯಾ 1970ರ ದಶಕದಲ್ಲೇ ಹಲವರಿಗೆ ಹೊಳೆದಿತ್ತು, ನೀರ್ ಕೂಡ ಮೂರು ಮಾಡೆಲ್ ಮಾಡಿ ಕೈಬಿಟ್ರು. ಎಲ್ಲರದ್ದೂ ಒಂದೇ ಗೋಳು, ರೆಕ್ಕೆ ಮೂಳೆಗೆ ಬಿಗಿದ ಗುಂಡು ಕೆಲವೇ ಕಾಲದಲ್ಲಿ ಸಡಿಲ ಆಗ್ತಿತ್ತು. ಕಾರಣ ಸರಳ. ಅವರೆಲ್ಲ ಆ ಗುಂಡಿಗೆ ಒಂದು ಕತ್ತು ಕೊಟ್ಟು ಮೂಳೆಯಿಂದ ಆಚೆ ನಿಲ್ಲಿಸಿದ್ರು. ಗೋಡೆಗೆ ಮೊಳೆ ಹೊಡೆದು, ಮೊಳೆಯ ಹೊರತುದಿಗೆ ತೂಕದ ಚೀಲ ನೇತು ಹಾಕಿದ್ರೆ ಮೊಳೆ ಬೇಗ ಕಿತ್ತು ಬರುತ್ತೆ, ಅದೇ ಚೀಲ ಗೋಡೆಗೆ ಒತ್ತಿ ಹಾಕಿದ್ರೆ ನಿಲ್ಲುತ್ತೆ.

ಫ್ರಾನ್ಸಿನ ದಿಜೋನ್‌ನ ಪೌಲ್ ಗ್ರಾಮೊಂ ಅನ್ನೋ ಸರ್ಜನ್ನಿಗೆ ಹೊಳೆದಿದ್ದು ಈ ಚೀಲದ ಲೆಕ್ಕ. 1985ರಲ್ಲಿ ಶುರು ಮಾಡಿ, 1987ರಲ್ಲಿ ಬರೀ ಎಂಟು ಜನರ ಫಲಿತಾಂಶ ಪ್ರಕಟಿಸಿದ್ರು. ಆ ಮೊದಲ ಮಾಡೆಲ್‌ನಲ್ಲಿ ಗುಂಡು ಪೂರ್ತಿ ಗೋಳದ ಮೂರನೇ ಎರಡು ಭಾಗ ಇತ್ತು, ಅದೂ ಸಡಿಲ ಆಗೋಕೆ ಶುರುವಾಯ್ತು. ಆಮೇಲೆ ಬಂದ ಡೆಲ್ಟಾ 3ರಲ್ಲಿ ಅದನ್ನ ಸರಿಯಾಗಿ ಅರ್ಧಗೋಳ ಮಾಡಿದ್ರು, ಕತ್ತು ತೆಗೆದು ಹಾಕಿದ್ರು. ತಿರುಗೋ ಕೇಂದ್ರ ಈಗ ಮೂಳೆಯ ಮೇಲ್ಮೈಗೇ ಬಂತು, ಹಾಗಾಗಿ ಕೀಳೋ ಬಲ ತೀರಾ ಕಮ್ಮಿ ಆಯ್ತು. ಇದು ಒಂದು ಲಾಭ.

ಇನ್ನೊಂದು ಲಾಭ ಇದಕ್ಕಿಂತ ಚೆಂದ. ತಿರುಗೋ ಕೇಂದ್ರ ಒಳಕ್ಕೆ ಸರಿದು ಸ್ವಲ್ಪ ಕೆಳಗೂ ಇಳೀತು. ಬಾಗಿಲನ್ನ ಕೀಲಿನ ಹತ್ತಿರ ತಳ್ಳಿದ್ರೆ ಕಷ್ಟ, ಚಿಲಕದ ಹತ್ತಿರ ತಳ್ಳಿದ್ರೆ ಸುಲಭ ಅಲ್ವಾ, ಹಾಗೆ ಡೆಲ್ಟಾಯ್ಡ್ ಈಗ ಕೇಂದ್ರದಿಂದ ದೂರ ಆಗಿ ಅದೇ ಎಳೆತಕ್ಕೆ ಜಾಸ್ತಿ ಕೆಲಸ ಮಾಡುತ್ತೆ. ತೋಳು ಕೆಳಗಿಳಿದಿದ್ದರಿಂದ ಆ ಸ್ನಾಯು ಬಿಗಿಯಾಗಿಯೂ ಇರುತ್ತೆ. ಕಫ್ ಇಲ್ಲದಿದ್ರೂ ಬಟ್ಟಲು ಗುಂಡು ಬಿಟ್ಟು ಮೇಲಕ್ಕೆ ಜಾರಲ್ಲ, ಅದರ ಮೇಲೇ ಸುತ್ತುತ್ತೆ. ವರ್ಷಗಟ್ಟಲೆ ಕೈ ಎತ್ತೋಕಾಗದವರು ಕೈ ಎತ್ತಿದ್ರು.

ಅಮೆರಿಕಕ್ಕೆ ಇದು ತಲುಪಿದ್ದು ತಡವಾಗಿ, ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2003ರ ಕೊನೆಗೆ. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಬಳಕೆಯಲ್ಲಿತ್ತು.

ಉಲ್ಟಾ ಮಾಡಿದ ಮೇಲೆ ಬಂದ ತಕರಾರು

ತೋಳು ಒಳಕ್ಕೂ ಕೆಳಕ್ಕೂ ಸರಿದಿದೆ ಅಂದ ಮೇಲೆ ಕೈ ಇಳಿಬಿಟ್ಟಾಗ ಬಟ್ಟಲಿನ ಒಳ ಅಂಚು ರೆಕ್ಕೆ ಮೂಳೆಯ ಕೆಳಭಾಗಕ್ಕೆ ತಾಗುತ್ತೆ. ತಾಗಿ ತಾಗಿ ಅಲ್ಲೊಂದು ಕಚ್ಚು ಬೀಳುತ್ತೆ, ಎಕ್ಸ್‌ರೇನಲ್ಲಿ ಇಲಿ ಕಡಿದ ಹಾಗೆ ಕಾಣುತ್ತೆ. ಸರ್ಜನ್‌ಗಳು ಇದಕ್ಕೆ ನಾಚಿಂಗ್ ಅಂತಾರೆ. ಜೊತೆಗೆ ಕೈ ಮೇಲಕ್ಕೇನೋ ಹೋಗುತ್ತೆ, ಹೊರಗೆ ತಿರುಗಿಸೋದು ಕಷ್ಟ, ಯಾಕಂದ್ರೆ ಆ ಕೆಲಸ ಮಾಡೋ ಸ್ನಾಯುಗಳು ಸಡಿಲ ಬಿದ್ದಿರ್ತವೆ. ಡೆಲ್ಟಾಯ್ಡ್ ಬಿಗಿ ಜಾಸ್ತಿಯಾದ್ರೆ ಅದು ಹುಟ್ಟೋ ಜಾಗದ ಮೂಳೆ ಸೀಳು ಬಿಡೋದೂ ಉಂಟು.

ಫ್ಲೋರಿಡಾದ ಟ್ಯಾಂಪಾದಲ್ಲಿದ್ದ ಮಾರ್ಕ್ ಫ್ರಾಂಕಲ್ ಅನ್ನೋ ಸರ್ಜನ್ ಇನ್ನೊಂದು ದಾರಿ ಹಿಡಿದ್ರು. ಗುಂಡನ್ನ ಸ್ವಲ್ಪ ಆಚೆಗೇ ಇಡೋಣ, ಬಟ್ಟಲಿನ ಓರೆಯನ್ನ ಗ್ರಾಮೊಂ ಅವರ 155 ಡಿಗ್ರಿಯಿಂದ 135ಕ್ಕೆ ತರೋಣ, ಆಗ ಕಚ್ಚು ಬೀಳಲ್ಲ, ತಿರುಗಿಸೋ ಸ್ನಾಯುಗಳಿಗೂ ಬಿಗಿ ಸಿಗುತ್ತೆ. ಸರಿ, ಆದ್ರೆ ಆಚೆಗಿಟ್ರೆ ಮತ್ತೆ ಮೊಳೆಯ ತುದಿಗೆ ಚೀಲ ಹಾಕಿದ ಹಾಗಾಯ್ತಲ್ಲ? ಹೌದು, ಮೊದಮೊದಲು ಸ್ಕ್ರೂ ಮುರಿದವು, ಆಮೇಲೆ ಗಟ್ಟಿ ಸ್ಕ್ರೂ, ತಲೆ ಲಾಕ್ ಆಗೋ ಸ್ಕ್ರೂ ಬಂದು ನಿಂತವು. ಬೊಯ್ಲೊ ಅವರು ಲೋಹದ ಬದಲು ರೋಗಿಯದೇ ಗುಂಡಿಂದ ಕತ್ತರಿಸಿದ ಮೂಳೆಯ ಬಿಲ್ಲೆ ಇಟ್ಟು ಆಚೆಗೆ ಸರಿಸೋ ಉಪಾಯ ಮಾಡಿದ್ರು. ಈಗಿನ ಬಹುಪಾಲು ಕಂಪನಿಗಳ ಮಾಡೆಲ್ಲು ಇವೆರಡರ ಮಧ್ಯೆ ಎಲ್ಲೋ ನಿಂತಿರುತ್ತೆ. ಬ್ರೋಷರ್‌ಗಳಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಜಗಳ ನಡೆಯೋದು ಇದರ ಮೇಲೇ.

ಎಲ್ಲರಿಗೂ ಉಲ್ಟಾನೇ ಹಾಕಿಬಿಡೋಣವಾ?

ನಿಜವಾದ ಚರ್ಚೆ ಈಗ ಇರೋದು ಇಲ್ಲಿ. ಶುರುವಲ್ಲಿ ರಿವರ್ಸ್ ಇದ್ದಿದ್ದು 70 ದಾಟಿದ, ಕಫ್ ಪೂರ್ತಿ ಹೋದವರಿಗೆ ಮಾತ್ರ. ಆಮೇಲೆ ವಯಸ್ಸಾದವರ ಕೆಟ್ಟ ಮುರಿತಕ್ಕೆ ಬಂತು, ಹಳೇ ಇಂಪ್ಲಾಂಟ್ ಫೇಲ್ ಆದವರಿಗೆ ಬಂತು, ಈಗ ಕಫ್ ಗಟ್ಟಿಯಾಗೇ ಇರೋ ಮಾಮೂಲಿ ಸವೆತಕ್ಕೂ ಹಾಕ್ತಿದಾರೆ. ಅಮೆರಿಕ, ಆಸ್ಟ್ರೇಲಿಯಾ ಎರಡರಲ್ಲೂ ರಿವರ್ಸ್ ಈಗ ಅನಾಟಮಿಕ್ ಅನ್ನ ಹಿಂದೆ ಹಾಕಿದೆ.

ಹಾಕೋಣ ಅನ್ನೋರ ವಾದ ಹೀಗೆ: ಇವತ್ತು ಕಫ್ ಗಟ್ಟಿಯಿದ್ರೂ ಹತ್ತು ವರ್ಷ ಬಿಟ್ಟು ಹರೀಬಹುದು, ಆಗ ಸಾಸರ್ ಕುಂಟುತ್ತೆ, ಮತ್ತೆ ಆಪರೇಷನ್. ಈಗಲೇ ರಿವರ್ಸ್ ಹಾಕಿದ್ರೆ ಆ ತಲೆನೋವೇ ಇಲ್ಲ. ಬೇಡ ಅನ್ನೋರು ಹೇಳೋದು: ಅನಾಟಮಿಕ್‌ನಲ್ಲಿ ಕೈ ತಿರುಗೋದು ಸಹಜಕ್ಕೆ ಹತ್ತಿರ, ಬೆನ್ನ ಹಿಂದೆ ಕೈ ಹಾಕೋದು ಸುಲಭ, ಮುಂದೆ ಕೆಟ್ರೆ ರಿವರ್ಸ್ ಅನ್ನೋ ದಾರಿ ಉಳಿದಿರುತ್ತೆ. ರಿವರ್ಸ್ ಕೊನೇ ಬಸ್ಸು, ಅದು ತಪ್ಪಿದ್ರೆ ಮುಂದೆ ಏನು?

2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ದಾಖಲೆಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು, 60 ದಾಟಿದ, ಸವೆತದ ಭುಜದವರದ್ದು. ಮೊದಲ ಮೂರು ವರ್ಷದಲ್ಲಿ ಮರು ಆಪರೇಷನ್ ರಿವರ್ಸ್‌ನಲ್ಲಿ ಕಮ್ಮಿ, ಆಮೇಲೆ ದೊಡ್ಡ ವ್ಯತ್ಯಾಸ ಇಲ್ಲ, ರೋಗಿಗಳು ತಾವೇ ಕೊಟ್ಟ ಅಂಕದಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ರಿವರ್ಸ್ ಪರದವರು ಇದನ್ನ ಗೆಲುವು ಅಂದ್ರು. ಆದ್ರೆ ಮರು ಆಪರೇಷನ್ ಲೆಕ್ಕದಲ್ಲೇ ಒಂದು ಓರೆ ಇದೆ ಅನ್ನೋದು ಮರೀಬಾರದು. ಅನಾಟಮಿಕ್ ಕೈಕೊಟ್ರೆ ಸರ್ಜನ್ ಹತ್ತಿರ ರಿವರ್ಸ್ ಅನ್ನೋ ಆಯ್ಕೆ ಇದೆ, ತಕ್ಷಣ ಬದಲಾಯಿಸ್ತಾರೆ, ಅದು ದಾಖಲೆಗೆ ಸೇರುತ್ತೆ. ರಿವರ್ಸ್ ಹಾಕಿದವರಿಗೆ ಸ್ವಲ್ಪ ನೋವು ಉಳಿದಿದ್ರೆ ಸುಲಭದ ದಾರಿ ಇಲ್ಲ, ಸಹಿಸ್ಕೊಳ್ಳಿ ಅಂತಾರೆ, ಅದು ಎಲ್ಲೂ ದಾಖಲಾಗಲ್ಲ. ಚೀಟಿ ಎತ್ತಿದ ಹಾಗೆ ರೋಗಿಗಳನ್ನ ಎರಡು ಗುಂಪು ಮಾಡಿ ನೋಡೋ ಪ್ರಯೋಗ, ರಾಪ್ಸೋಡಿ ಅಂತ ಅದರ ಹೆಸರು, ಬ್ರಿಟನ್‌ನಲ್ಲಿ ಶುರುವಾಗಿದ್ದೇ ಇದನ್ನ ಬಗೆಹರಿಸೋಕೆ.

ಮುರಿತದ ವಿಷಯದಲ್ಲಿ ಚಿತ್ರ ಸ್ವಲ್ಪ ಸ್ಪಷ್ಟ. 2015ರಲ್ಲಿ ಬ್ರಿಟನ್ನಿನ 250 ಜನರ ಪ್ರಯೋಗ, ಭುಜದ ಹತ್ತಿರ ಮೂಳೆ ಮುರಿದು ಜರುಗಿದವರಲ್ಲಿ ಆಪರೇಷನ್ ಮಾಡಿದ್ರೂ ಮಾಡದೆ ಜೋಳಿಗೆ ಕಟ್ಟಿ ಬಿಟ್ರೂ ಎರಡು ವರ್ಷದಲ್ಲಿ ಫಲಿತಾಂಶ ಒಂದೇ ಅಂತ ತೋರಿಸ್ತು. 2020ರಲ್ಲಿ ನಾರ್ವೆಯ 124 ಜನರ ಪ್ರಯೋಗ, 65ರಿಂದ 85 ವಯಸ್ಸಿನವರ ತೀರಾ ಕೆಟ್ಟ ಮುರಿತಕ್ಕೆ ಪ್ಲೇಟ್ ಹಾಕೋದಕ್ಕಿಂತ ರಿವರ್ಸ್ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತೋರಿಸ್ತು. ಎರಡನ್ನೂ ಜೋಡಿಸಿ ಓದಬೇಕು. ಅಜ್ಜಿ ಬಚ್ಚಲಲ್ಲಿ ಜಾರಿ ಭುಜ ಮುರ್ಕೊಂಡ ತಕ್ಷಣ ಇಂಪ್ಲಾಂಟೇ ಬೇಕು ಅಂತೇನಿಲ್ಲ, ಆದ್ರೆ ಆಪರೇಷನ್ ಮಾಡಲೇಬೇಕಾದ ಮುರಿತ ಅಂತಾದ್ರೆ, ಮೂಳೆ ಟೊಳ್ಳಾದ ವಯಸ್ಸಿನಲ್ಲಿ ಪ್ಲೇಟಿನ ಸ್ಕ್ರೂಗಳಿಗೆ ಹಿಡಿತ ಸಿಗಲ್ಲ.

ಕಾಂಡ ಗಿಡ್ಡ ಆಯ್ತು, ಜೋಡಣೆ ಜಾಸ್ತಿ ಆಯ್ತು

ಮರು ಆಪರೇಷನ್ ಅಂದ್ರೆ ಸರ್ಜನ್‌ಗಳು ಹೆದರೋದು ಕಾಂಡಕ್ಕೆ. ಗಟ್ಟಿಯಾಗಿ ಕೂತ ಉದ್ದ ಕಾಂಡ ಕೀಳೋಕೆ ಹೋದ್ರೆ ತೋಳಿನ ಮೂಳೆ ಸೀಳುತ್ತೆ. ಅದಕ್ಕೆ ಕಾಂಡ ಗಿಡ್ಡ ಆಗ್ತಾ ಬಂತು, 2004ರಲ್ಲಿ ಫ್ರಾನ್ಸಿನಲ್ಲಿ ಕಾಂಡವೇ ಇಲ್ಲದ ಮಾಡೆಲ್ ಬಂತು, ಮೂಳೆಯ ತುದೀಲಿ ಕಿರೀಟದ ಥರ ಒಂದು ಹಿಡಿ ಕೂರಿಸಿ ಮೇಲೆ ಗುಂಡು. ಮೂಳೆ ಗಟ್ಟಿ ಇದ್ರೆ ಮಾತ್ರ ಇದು.

ಇನ್ನೊಂದು ಉಪಾಯ, ಕಾಂಡ ಒಂದೇ ಇಟ್ಟು ತಲೆ ಮಾತ್ರ ಬದಲಾಯಿಸೋದು: ಇವತ್ತು ಗುಂಡು, ನಾಳೆ ಬೇಕಾದ್ರೆ ಬಟ್ಟಲು, ಕಾಂಡ ಕೀಳಬೇಕಿಲ್ಲ. ಬುದ್ಧಿವಂತಿಕೆ ನಿಜ, ಆದ್ರೆ ಪ್ರತಿ ಜೋಡಣೆಯೂ ಮುರಿಯೋಕೆ ಇನ್ನೊಂದು ಜಾಗ. 2017ರಲ್ಲಿ ಜಿಮ್ಮರ್ ಬಯೋಮೆಟ್‌ನ ಕಾಂಪ್ರಹೆನ್ಸಿವ್ ರಿವರ್ಸ್ ಭುಜದಲ್ಲಿ ತೋಳಿನ ಕಡೆ ಬಟ್ಟಲು ಕೂರೋ ತಟ್ಟೆ ಹೇಳಿದ್ದಕ್ಕಿಂತ ಜಾಸ್ತಿ ಮುರೀತಿದೆ ಅಂತ ಎಫ್‌ಡಿಎ ಅದನ್ನ ಅತಿ ಗಂಭೀರ ದರ್ಜೆಯ ರೀಕಾಲ್, ಅಂದ್ರೆ ವಾಪಸ್ ಪಡೆಯೋ, ಪಟ್ಟಿಗೆ ಸೇರಿಸ್ತು.

ಈಗ ಆ ಕವರ್ ವಿಷಯ

ಮಹಡಿ ಮೇಲೆ ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿರೋ ಪ್ಲಾಸ್ಟಿಕ್ ಬಕೆಟ್ ಎತ್ತೋಕೆ ಹೋದ್ರೆ ಹಿಡಿ ಕೈಗೆ ಬರುತ್ತೆ, ಅಂಚು ಪುಡಿ ಆಗುತ್ತೆ. ಆ ಬಕೆಟ್ ಕೆಡೋ ರೀತಿ ನೆನಪಿಟ್ಟುಕೊಂಡ್ರೆ ಇಂಪ್ಲಾಂಟಿನ ಕಥೆ ಅರ್ಥ ಆಗುತ್ತೆ. ಪಾಲಿಇಥಿಲೀನ್ ಭಾಗವನ್ನ ಕ್ರಿಮಿ ಮುಕ್ತ ಮಾಡೋಕೆ ಗಾಮಾ ಕಿರಣ ಹಾಯಿಸ್ತಾರೆ. ಆ ಕಿರಣಕ್ಕೆ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳು ಅಲ್ಲಲ್ಲಿ ತುಂಡಾಗ್ತವೆ, ತುಂಡಾದ ತುದಿಗಳು ಆಮ್ಲಜನಕಕ್ಕೆ ಕಾದು ಕೂತಿರ್ತವೆ. ಗಾಳಿ ತಾಗಿತೋ, ಆಕ್ಸಿಡೇಶನ್ ಶುರು, ಪ್ಲಾಸ್ಟಿಕ್ ಪೆಡಸಾಗುತ್ತೆ. ಹಿಂದೆ ಇದು ಗೊತ್ತಿಲ್ಲದೆ ಗಾಳಿಯಲ್ಲೇ ಗಾಮಾ ಹಾಯಿಸಿ, ಗಾಳಿ ಆಡೋ ಪ್ಯಾಕೆಟ್‌ನಲ್ಲೇ ಕಪಾಟಿನಲ್ಲಿಟ್ಟು ಸೊಂಟ ಮಂಡಿ ಎಷ್ಟೋ ಕೆಟ್ಟವು. 1990ರ ದಶಕದಲ್ಲಿ ಬುದ್ಧಿ ಬಂದು ಗಾಳಿ ತೆಗೆದ, ಆಮ್ಲಜನಕ ತಡೆಯೋ ಪ್ಯಾಕೆಟ್ ಬಂತು.

ಎಕ್ಸಾಕ್‌ಟೆಕ್ ಪ್ಯಾಕೆಟ್ಟೂ ಗಾಳಿ ತೆಗೆದದ್ದೇ. ಆದ್ರೆ ಪದರ ಪದರವಾಗಿರೋ ಆ ಕವರಲ್ಲಿ ಆಮ್ಲಜನಕ ತಡೆಯೋ ಒಂದು ಪದರ, ಇವಿಓಎಚ್ ಅಂತ, 2004ರಿಂದ 2021ರ ತನಕ ಬಹಳಷ್ಟು ಪ್ಯಾಕೆಟ್‌ಗಳಲ್ಲಿ ಇರಲೇ ಇಲ್ಲ. ಮೊದಲು ಸಿಕ್ಕಿಬಿದ್ದಿದ್ದು ಮಂಡಿ ಮತ್ತು ಪಾದದ ಗಂಟಿನ ಕೀಲಿನಲ್ಲಿ, ಅಮೆರಿಕದಲ್ಲಿ ಹಾಕಿದ ಸುಮಾರು 1,47,000 ಭಾಗಗಳಲ್ಲಿ ನೂರಕ್ಕೆ 80ರಷ್ಟು ಇಂಥ ಕವರಲ್ಲಿದ್ದವು. ಭುಜದ ಸರದಿ ಬಂದಿದ್ದು ಆಮೇಲೆ.

ಇಲ್ಲೊಂದು ಸೂಕ್ಷ್ಮ ಇದೆ. ಕೆಟ್ಟ ಕವರಲ್ಲಿದ್ದ ಎಲ್ಲ ಇಂಪ್ಲಾಂಟೂ ಕೆಡಲ್ಲ. ಮೂರು ತಿಂಗಳು ಕಪಾಟಿನಲ್ಲಿದ್ದದ್ದು ಬೇರೆ, ಐದು ವರ್ಷ ಇದ್ದದ್ದು ಬೇರೆ. ಭುಜದ ಮೇಲೆ ಮಂಡಿಯಷ್ಟು ಭಾರವೂ ಬೀಳಲ್ಲ. ಅದಕ್ಕೇ ಎಫ್‌ಡಿಎ ಹೇಳಿದ್ದು, ಹೊಸದಾಗಿ ಇವನ್ನ ಹಾಕಬೇಡಿ, ಆದ್ರೆ ಹಾಕಿಸ್ಕೊಂಡು ಆರಾಮಾಗಿ ಇರೋರು ಸುಮ್ನೆ ತೆಗೆಸೋಕೆ ಹೋಗಬೇಡಿ, ನೋವು ಊತ ಕಟಕಟ ಶಬ್ದ ಶುರುವಾದ್ರೆ ತೋರಿಸಿ. ಮೇಲ್ನೋಟಕ್ಕೆ ಇದು ವಿರುದ್ಧ ಮಾತು ಅನ್ಸುತ್ತೆ, ಕೆಟ್ಟದ್ದು ಅಂತಾರೆ, ತೆಗೀಬೇಡಿ ಅಂತಾರೆ. ಆದ್ರೆ ಚೆನ್ನಾಗಿ ಕೂತಿರೋ ಇಂಪ್ಲಾಂಟ್ ಕೀಳೋದರ ಅಪಾಯ, ಅದು ಮುಂದೆ ಸವೆಯಬಹುದು ಅನ್ನೋ ಅಪಾಯಕ್ಕಿಂತ ದೊಡ್ಡದು. ಕೇಸು ಹಾಕಿದವರ ಸಿಟ್ಟು ಬೇರೆ, ತಮ್ಮ ತಪ್ಪಿಲ್ಲದೆ ಬದುಕಿಡೀ ಎಕ್ಸ್‌ರೇ ತೆಗೆಸ್ತಾ ಕೂರಬೇಕಲ್ಲ ಅಂತ. ಅದೂ ನ್ಯಾಯವೇ. ಕಂಪನಿ ದಿವಾಳಿ ಕೋರ್ಟಿಗೆ ಹೋದ ಮೇಲೆ ಆ ಸಿಟ್ಟು ಕಂಪನಿಗೆ ಸಾಲ ಕೊಟ್ಟವರ ಸಾಲಲ್ಲಿ ಹೋಗಿ ನಿಂತಿತು.

ರೋಬೋಟ್ ಏನು ಮಾಡುತ್ತೆ

ಸಾಸರಿನ ಮೂಳೆ ಚಿಕ್ಕದು, ಆಳದಲ್ಲಿದೆ, ಸವೆದು ಓರೆಯಾಗಿರುತ್ತೆ, ಸರ್ಜನ್ನಿಗೆ ಪೂರ್ತಿ ಕಾಣಲ್ಲ. ಕೆಲವು ಡಿಗ್ರಿ ತಪ್ಪಿದ್ರೆ ಕುಂಟಾಟ. ಅದಕ್ಕೆ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಇಂಪ್ಲಾಂಟ್ ಕೂರಿಸಿ ನೋಡೋದು ಬಂತು, ರೋಬೋಟ್ ಆ ಪ್ಲಾನಿನ ಹಾಗೇ ಕೈ ನಡೆಸೋಕೆ ಸಹಾಯ ಮಾಡುತ್ತೆ, ಆಪರೇಷನ್ ಮಾಡೋದು ಸರ್ಜನ್ನೇ. ಜಾಸ್ತಿ ನಿಖರವಾಗಿ ಕೂರುತ್ತೆ ಅನ್ನೋದು ನಂಬೋ ಮಾತು. ಹತ್ತು ಹದಿನೈದು ವರ್ಷ ಜಾಸ್ತಿ ಬಾಳುತ್ತೆ ಅನ್ನೋಕೆ ರೋಬೋಟಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಮತ್ತೆ ಕಪಾಟಿನಲ್ಲಿ ಕೆಟ್ಟ ಪ್ಲಾಸ್ಟಿಕ್ಕನ್ನ ಯಾವ ರೋಬೋಟೂ ಸರಿ ಮಾಡಲ್ಲ.

ನಮ್ಮಲ್ಲಿ

ಭಾರತದಲ್ಲಿ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟಿಗೆ ಸರ್ಕಾರ ಬೆಲೆ ಮಿತಿ ಹಾಕ್ತು, ಮಾಮೂಲಿ ಕೋಬಾಲ್ಟ್ ಕ್ರೋಮಿಯಂದು ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳೀತು. ಆ ಆದೇಶ ಮಂಡಿಗೆ ಮಾತ್ರ, ಭುಜ ಅದರಲ್ಲಿ ಇರಲಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣದ ಎಂಆರ್‌ಪಿ ವರ್ಷಕ್ಕೆ ಶೇ 10ಕ್ಕಿಂತ ಏರಿಸೋ ಹಾಗಿಲ್ಲ ಅನ್ನೋ ನಿಯಮ ಇದೆ, ಆದ್ರೆ ಮೊದಲ ಬೆಲೆ ಎಷ್ಟಿಡಬೇಕು ಅನ್ನೋದಕ್ಕೆ ಅದು ಏನೂ ಹೇಳಲ್ಲ. ಇನ್ನೊಂದು, ಬಹುಪಾಲು ಮಾಡೆಲ್‌ಗಳ ಸೈಜು ಯುರೋಪು ಅಮೆರಿಕದವರ ಮೂಳೆ ನೋಡಿ ಮಾಡಿದ್ದು. ನಮ್ಮ ಕಡೆ ಸಣ್ಣ ಮೈಕಟ್ಟಿನ ವಯಸ್ಸಾದ ಹೆಂಗಸರ ಗ್ಲೀನಾಯ್ಡಿಗೆ ಗುಂಡು ಬಿಗಿಯೋ ಅತಿ ಚಿಕ್ಕ ತಟ್ಟೆಯೂ ದೊಡ್ಡದಾಗೋದು ಉಂಟು.

ಇದಕ್ಕಿಂತ ದೊಡ್ಡ ಕೊರತೆ ಲೆಕ್ಕ ಇಡೋದರಲ್ಲಿ. ಡೀಪ್ಯೂ ಕಂಪನಿಯ ಎಎಸ್ಆರ್ ಸೊಂಟದ ಕೀಲು ಎಡವಟ್ಟಾಗಿದೆ ಅಂತ ಮೊದಲು ಹಿಡಿದವರಲ್ಲಿ ಆಸ್ಟ್ರೇಲಿಯಾದ ಕೀಲು ನೋಂದಣಿ ಮುಖ್ಯ, ಅಲ್ಲಿ ಪ್ರತಿ ಆಪರೇಷನ್ನೂ ಬರೆದಿಡ್ತಾರೆ. 2010ರಲ್ಲಿ ಅದನ್ನ ಜಗತ್ತಿನಾದ್ಯಂತ ವಾಪಸ್ ಪಡೆದ್ರು. ಭಾರತದಲ್ಲಿ ಸುಮಾರು 4,700 ಜನರಿಗೆ ಹಾಕಿದ್ರು, ಪರಿಹಾರ ಕೊಡೋ ಹೊತ್ತಿಗೆ ಅವರಲ್ಲಿ ಸಾವಿರಾರು ಜನ ಎಲ್ಲಿದಾರೆ ಅಂತಲೇ ಸಿಗಲಿಲ್ಲ. ಆಸ್ಟ್ರೇಲಿಯಾ ಭುಜದ ಲೆಕ್ಕ ದೇಶಪೂರ್ತಿ ಇಡೋಕೆ ಶುರು ಮಾಡಿದ್ದು 2007ರಲ್ಲಿ, ಬ್ರಿಟನ್ 2012ರಲ್ಲಿ. ನಮ್ಮಲ್ಲಿ ಸರ್ಜನ್‌ಗಳ ಸಂಘ ನಡೆಸೋ ನೋಂದಣಿ ಇರೋದು ಸೊಂಟ ಮತ್ತು ಮಂಡಿಗೆ, ಅದಕ್ಕೂ ಮಾಹಿತಿ ಕೊಡೋದು ಸ್ವಇಚ್ಛೆ. ಉಪಕರಣ ಕೆಟ್ರೆ ವರದಿ ಮಾಡೋಕೆ 2015ರಿಂದ ಮೆಟೀರಿಯೋವಿಜಿಲೆನ್ಸ್ ಅನ್ನೋ ಕೇಂದ್ರ ಸರ್ಕಾರದ ವ್ಯವಸ್ಥೆ ಇದೆ, ರೋಗಿಯೇ ನೇರ ವರದಿ ಮಾಡಬಹುದು ಅನ್ನೋದು ಎಷ್ಟು ಜನಕ್ಕೆ ಗೊತ್ತು.

ಹಾಗಾಗಿ ಸದ್ಯಕ್ಕೆ ನೋಂದಣಿ ಅಂದ್ರೆ ಮನೇಲಿರೋ ಫೈಲೇ. ಪ್ರತಿ ಇಂಪ್ಲಾಂಟ್ ಪ್ಯಾಕೆಟ್ ಜೊತೆ ಅಂಟು ಸ್ಟಿಕರ್‌ಗಳು ಬರ್ತವೆ, ಕಂಪನಿ, ಮಾಡೆಲ್, ಸೈಜ್, ಲಾಟ್ ನಂಬರ್, ಎಕ್ಸ್‌ಪೈರಿ ಎಲ್ಲ ಅದರಲ್ಲಿರುತ್ತೆ. ಆಪರೇಷನ್ ಥಿಯೇಟರ್‌ನಲ್ಲಿ ಅದನ್ನ ಕಿತ್ತು ಕೇಸ್ ಶೀಟಿಗೆ ಅಂಟಿಸ್ತಾರೆ, ಕೇಸ್ ಶೀಟು ಆಸ್ಪತ್ರೆಯಲ್ಲೇ ಉಳಿಯುತ್ತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಬಲ ಭುಜದ ಕೀಲು ಬದಲಾಯಿಸಲಾಗಿದೆ" ಅಂತ ಒಂದೇ ಸಾಲು ಇದ್ರೆ ಅದರಿಂದ ನಾಳೆ ಏನೂ ಗೊತ್ತಾಗಲ್ಲ. ಬಿಲ್ ಕಟ್ಟೋ ದಿನವೇ ಆ ಸ್ಟಿಕರಿನ ಒಂದು ಪ್ರತಿ ಕೊಡಿ ಅಂತ ಕೇಳಬೇಕು, ಒಂದು ಸ್ಟಿಕರ್ ಅಲ್ಲ, ಗುಂಡಿಗೊಂದು ಬಟ್ಟಲಿಗೊಂದು ಕಾಂಡಕ್ಕೊಂದು ಸ್ಕ್ರೂಗೊಂದು ಅಂತ ಎಲ್ಲದರದ್ದೂ.